ಅಳತೆಗೆ ಬಂದ ಅಡುಗೆ

1879ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಹಿಳಾ ಶಿಕ್ಷಣ ಸಂಘದವರು ಪಾಕಶಾಲೆಯೊಂದನ್ನು ತೆರೆದಾಗ ಅವರ ಮನಸ್ಸಿನಲ್ಲಿದ್ದುದು ಸಿರಿವಂತರ ಮನೆಯ ಹೆಂಗಸರ ವಿನೋದವಲ್ಲ. ಅನ್ಯರ ಮನೆಯಲ್ಲಿ ಅಡುಗೆ ಮಾಡಿ ಹೊಟ್ಟೆ ಹೊರೆಯಬೇಕಾಗಿದ್ದ ಸ್ತ್ರೀಯರಿಗೆ ಜೀವನೋಪಾಯವನ್ನು ಕಲಿಸಿಕೊಡುವ ಸದುದ್ದೇಶ. ಕ್ರಮೇಣ ಪಾಕವಿದ್ಯೆಯ ಉಪಾಧ್ಯಾಯಿನಿಯರನ್ನು ಸಿದ್ಧಪಡಿಸುವುದೇ ಅದರ ಪ್ರಧಾನ ಕಾರ್ಯವಾಯಿತು.

ಈ ಶಾಲೆಗೆ ಸುಮಾರು ಮೂವತ್ತರ ಪ್ರಾಯದಲ್ಲಿ ವಿದ್ಯಾರ್ಥಿನಿಯಾಗಿ ಬಂದವಳು ಫ್ಯಾನಿ ಫಾರ್ಮರ್. ಹದಿನಾರನೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದು, ಉನ್ನತ ವ್ಯಾಸಂಗದ ಆಸೆಯನ್ನು ತೊರೆದು, ವರ್ಷಗಟ್ಟಲೆ ಮನೆಯಲ್ಲಿಯೇ ಉಳಿದು, ಕಡೆಗೆ ಕುಂಟುವ ಕಾಲಿನಿಂದಲೇ ಸಂಸಾರವೊಂದರಲ್ಲಿ ಕೆಲಸಕ್ಕೆ ನಿಂತಿದ್ದ ಈಕೆ 1889ರಲ್ಲಿ ಶಿಕ್ಷಣ ಮುಗಿಸಿ, ಅಲ್ಲಿಯೇ ಸಹಾಯಕಿಯಾಗಿ, ಕೆಲವೇ ವರ್ಷಗಳಲ್ಲಿ ಮುಖ್ಯಸ್ಥೆಯಾದಳು.

ಅಂದಿನ ಪಾಕಪುಸ್ತಕಗಳು ಮೊಟ್ಟೆಯ ಗಾತ್ರದ ಬೆಣ್ಣೆ, ಒಂದು ಬಟ್ಟಲು ಹಿಟ್ಟು ಎಂದು ಹೇಳಿ ಮುಂದೆ ಸಾಗುತ್ತಿದ್ದುವು. (ನಾವಾದರೂ ನಿಂಬೆಗಾತ್ರದ ಹುಣಿಸೆಯನ್ನೂ ರುಚಿಗೆ ತಕ್ಕಷ್ಟು ಉಪ್ಪನ್ನೂ ಇನ್ನೂ ಬಿಟ್ಟಿಲ್ಲ.) ಮನೆಯಲ್ಲಿ ಇದರಿಂದ ಬಾಧಕವಿಲ್ಲ; ತಾಯಿಯೋ ಅತ್ತೆಯೋ ಪಕ್ಕದಲ್ಲಿ ನಿಂತು, ಕಣ್ಣಳತೆ ತಪ್ಪಿದ ಕೈಯನ್ನು ತಡೆಯುತ್ತಾರೆ. ಆದರೆ ಹಲವು ಕೈಗಳು ಒಮ್ಮೆಗೇ ಹಿಟ್ಟು ತೋಡುವ ತರಗತಿಯಲ್ಲಿ, ಒಬ್ಬಳ ಬಟ್ಟಲು ಗೋಪುರವಾಗಿ ಇನ್ನೊಬ್ಬಳದು ತಗ್ಗಾಗಿ ಉಳಿದರೆ, ಒಂದೇ ಪಾಠದಿಂದ ಹತ್ತು ಬಗೆಯ ಕೇಕುಗಳು ಹುಟ್ಟುವುದು ಅನಿವಾರ್ಯ. ಗೊತ್ತುಪಡಿಸಿದ ಅಳತೆಯ ಬಟ್ಟಲನ್ನೂ ಚಮಚವನ್ನೂ ತುಂಬಿ, ಅಂಚಿನ ಮೇಲೆ ಚಾಕುವಿನ ಬೆನ್ನನ್ನು ಎಳೆದು ಸಮತಟ್ಟು ಮಾಡಬೇಕೆಂಬ ನಿಯಮವನ್ನು ಫಾರ್ಮರ್ ಹಟದಿಂದ ಪಾಲಿಸಿದುದು ಇದಕ್ಕಾಗಿಯೇ ಎಂದು ನನ್ನ ಎಣಿಕೆ: ಅದು ಅಡುಗೆಮನೆಯ ಅಗತ್ಯಕ್ಕಿಂತ ಹೆಚ್ಚಾಗಿ ಪಾಠಶಾಲೆಯ ಅಗತ್ಯ. ಮೂರು ಟೀ ಚಮಚಕ್ಕೆ ಒಂದು ದೊಡ್ಡ ಚಮಚ, ಹದಿನಾರು ದೊಡ್ಡ ಚಮಚಕ್ಕೆ ಒಂದು ಬಟ್ಟಲು ಎಂಬ ಈ ಲೆಕ್ಕದ ಮೇಲೆ ನಿಂತ ಆಕೆಯ ಗ್ರಂಥವು 1896ರಲ್ಲಿ ಹೊರಬಂದಿತು. ಅದು ಮಾರಾಟವಾದೀತೆಂದು ನಂಬದ ಪ್ರಕಾಶಕರು ಮೊದಲ 3,000 ಪ್ರತಿಗಳ ವೆಚ್ಚವನ್ನು ಅವಳ ಮೇಲೆಯೇ ಹೊರಿಸಿದರು; ಮುಂದೆ ಅದು ಲಕ್ಷಗಟ್ಟಲೆ ಮಾರಾಟವಾಯಿತು.

1902ರಲ್ಲಿ ಆಕೆ ಸ್ವಂತ ಶಾಲೆಯನ್ನು ತೆರೆದು ಗೃಹಿಣಿಯರಿಗೆ ಕಲಿಸಿದಳು. ರೋಗಿಗಳ ಪಥ್ಯಾಹಾರವೇ ಅವಳಿಗೆ ಅತ್ಯಂತ ಪ್ರಿಯವಾದ ವಿಷಯವಾಗಿದ್ದು, ಹಾರ್ವರ್ಡಿನ ವೈದ್ಯವಿದ್ಯಾರ್ಥಿಗಳಿಗೂ ಅದನ್ನು ಕುರಿತು ಉಪನ್ಯಾಸ ಮಾಡಿದಳು. 1915ರಲ್ಲಿ ತೀರಿಕೊಳ್ಳುವ ಕೆಲವೇ ದಿನಗಳ ಮುಂಚಿನವರೆಗೂ ಗಾಲಿಕುರ್ಚಿಯಲ್ಲಿ ಕುಳಿತು ಬೋಧಿಸುತ್ತಿದ್ದಳು.

ಅಳತೆಗಳೆಲ್ಲ ಈಗ ಪುಸ್ತಕಕ್ಕೆ ಸೇರಿಹೋಗಿರುವುದರಿಂದ, ತರಗತಿಗೆ ಉಳಿದಿರುವುದು ಪುಸ್ತಕಕ್ಕೆ ನಿಲುಕದ ಭಾಗ: ಒಗ್ಗರಣೆಯ ಸಾಸಿವೆ ಸಿಡಿಯುವ ಕ್ಷಣ, ಪಾಕದ ಎಳೆ, ಕಣಕದ ಹದ. ಆದುದರಿಂದ ಪಾಕತರಗತಿಯನ್ನು ಅರಸುವವರು ಹಣ ಕಟ್ಟುವ ಮೊದಲು, ಒಲೆಯೊಂದಕ್ಕೆ ಎಷ್ಟು ಜನರೆಂದೂ, ಸೌಟು ತಮ್ಮ ಕೈಗೆ ಬರುವುದೋ ಇಲ್ಲವೋ ಎಂದೂ ನಿಸ್ಸಂಕೋಚವಾಗಿ ವಿಚಾರಿಸಬೇಕು. ಬರಿದೆ ನೋಡಿ, ರುಚಿ ಸವಿದು ಬರುವುದಕ್ಕಾದರೆ ಹೋಟೆಲೇ ಅಗ್ಗ. ಕಲಿತುದನ್ನು ಆ ವಾರದೊಳಗೇ ಮನೆಯಲ್ಲಿ, ಟಿಪ್ಪಣಿಯನ್ನು ಮುಚ್ಚಿಟ್ಟು, ಒಮ್ಮೆ ಮಾಡಿ ನೋಡಿರಿ. ಎಲ್ಲಿ ಕೈ ತಡವರಿಸಿತೋ ಅದನ್ನೇ ಮುಂದಿನ ತರಗತಿಯಲ್ಲಿ ಕೇಳಿರಿ.