ಗರ್ಭಿಣೀ-ಸೂತಿಕಾಚರ್ಯೆಯಲ್ಲಿ ವ್ಯಾಯಾಮಶಬ್ದದ ಅರ್ಥವಿಚಾರ

ಗರ್ಭಿಣಿಯೂ ಬಾಣಂತಿಯೂ ದೇಹವನ್ನು ಅಲುಗಿಸದೆ ಇರಬೇಕೆಂದು ಶಾಸ್ತ್ರವು ವಿಧಿಸಿದೆಯೆಂಬ ಮಾತು ನಮ್ಮ ದಕ್ಷಿಣಕನ್ನಡದ ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಯ ಸೀಮೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ನೇರವಾಗಿ ವಿರುದ್ಧವಾದ ಮತ್ತೊಂದು ಮಾತೂ ಅದೇ ಸೀಮೆಯಲ್ಲಿ ಉಂಟು: ತಿಂಗಳು ತುಂಬುವವರೆಗೂ ಒನಕೆ ಹಿಡಿದು ಭತ್ತ ಕುಟ್ಟಿದವಳಿಗೆ ಹೆರಿಗೆಯು ಹಗುರವೆಂದು ವೃದ್ಧೆಯರು ಹೇಳುವರು. ಮೊದಲನೆಯದು ಶಾಸ್ತ್ರದ ಹೆಸರಿನಿಂದ ಹೆಂಗಸನ್ನು ಹಾಸಿಗೆಗೆ ಕಟ್ಟುತ್ತದೆ. ಎರಡನೆಯದು ಅನುಭವದ ಹೆಸರಿನಿಂದ ಅವಳನ್ನು ಒರಳಿಗೆ ಕಟ್ಟುತ್ತದೆ. ಈ ಎರಡರಲ್ಲಿ ಯಾವುದು ಗ್ರಂಥಸಮ್ಮತವೆಂಬುದನ್ನು ಚರಕ, ಸುಶ್ರುತ, ವಾಗ್ಭಟರ ವಾಕ್ಯಗಳಿಂದ ನಿರ್ಣಯಿಸುವುದೂ, ಹಾಗೆ ನಿರ್ಣೀತವಾದ ಅರ್ಥವು ಇಂದಿನ ವೈದ್ಯವಿಜ್ಞಾನದೊಡನೆ ಎಷ್ಟರಮಟ್ಟಿಗೆ ಸಂವದಿಸುವುದೆಂದು ತೋರಿಸುವುದೂ ಈ ಲೇಖನದ ಉದ್ದೇಶವು. ಚಿಕಿತ್ಸೆಯು ವೈದ್ಯರ ಕಾರ್ಯ. ಶಬ್ದಾರ್ಥವಿಚಾರವು ಮಾತ್ರ ನಮ್ಮದು.

ಈ ವಿಚಾರವು ಕೇವಲ ಪಾಂಡಿತ್ಯದ ವಿನೋದವಲ್ಲ. ಹಿಂದೆ ಈ ಸೀಮೆಯ ಹೆಂಗಸರು ಏಣೆಲು, ಸುಗ್ಗಿ, ಕೊಳಕೆಯೆಂಬ ಮೂರು ಬೆಳೆಗಳಿಗೂ ನೇಜಿ ನೆಟ್ಟು, ಗುಡ್ಡೆಯಿಂದ ಸೊಪ್ಪು ಹೊತ್ತು, ಭತ್ತ ಕುಟ್ಟಿ ಬಾಳಿದವರು. ಗಿರಣಿಗಳು ಬಂದ ಮೇಲೆ ಒನಕೆಯು ಮೂಲೆ ಸೇರಿತು. ಗದ್ದೆಗಳು ಅನೇಕಕಡೆ ಅಡಕೆಯ ತೋಟಗಳಾದುವು. ಬಹುಮಂದಿ ಹೆಂಗಸರ ಸಂಪಾದನೆಯು ಮಡಿಲಲ್ಲಿ ತಡ್ಪೆಯನ್ನಿಟ್ಟುಕೊಂಡು ಬೀಡಿ ಕಟ್ಟುವುದಕ್ಕೂ, ಕುಳಿತು ಅಡಕೆ ಸುಲಿಯುವುದಕ್ಕೂ ತಿರುಗಿತು. ಅಂದರೆ ಅತಿಶ್ರಮದ ಸ್ಥಾನಕ್ಕೆ ದೀರ್ಘಾಸನವು ಬಂದಿದೆ. ದೇಹವೇ ಅಲುಗದಂತಹ ಜೀವನೋಪಾಯವುಳ್ಳವಳಿಗೆ, ನೀನು ಅಲುಗಬಾರದೆಂದು ಶಾಸ್ತ್ರದ ಆಣೆಯಿಟ್ಟು ಹೇಳಿದರೆ ಫಲವೇನಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಗ್ರಂಥಗಳಿಗೆ ಬರೋಣ. ನಿಶ್ಚಲತಾವಾದಿಗಳಿಗೆ ಮುಖ್ಯಾಧಾರವು ಸುಶ್ರುತಸಂಹಿತೆಯ ಶಾರೀರಸ್ಥಾನದ ೩ನೆಯ ಅಧ್ಯಾಯದ ವಾಕ್ಯ. ಅಲ್ಲಿ ಗರ್ಭಿಣಿಯು ವರ್ಜಿಸತಕ್ಕವುಗಳಲ್ಲಿ ವ್ಯಾಯಾಮವನ್ನೂ, ಉಪವಾಸಾದಿಗಳನ್ನೂ, ಹಗಲುನಿದ್ರೆಯನ್ನೂ, ರಾತ್ರಿ ಎಚ್ಚರವಿರುವುದನ್ನೂ, ವಾಹನಾರೋಹಣವನ್ನೂ, ಶೋಕಭಯಗಳನ್ನೂ ಎಣಿಸಿದೆ. ವ್ಯಾಯಾಮಶಬ್ದಕ್ಕೆ ಇಲ್ಲಿ ವಿಶೇಷಣವಿಲ್ಲ. ಆದುದರಿಂದ ಸರ್ವವಿಧವಾದ ದೇಹಚೇಷ್ಟೆಯೂ ನಿಷಿದ್ಧವೆಂದು ಪೂರ್ವಪಕ್ಷವು.

ಚರಕಸಂಹಿತೆಯ ಶಾರೀರಸ್ಥಾನದ ೮ನೆಯ ಜಾತಿಸೂತ್ರೀಯಾಧ್ಯಾಯದಲ್ಲಿ ಗರ್ಭಕ್ಕೆ ಹಾನಿಕರವಾದವುಗಳ ಪಟ್ಟಿಯಿದೆ. ಅಲ್ಲಿ ವ್ಯಾಯಾಮಕ್ಕೆ ಎರಡು ವಿಶೇಷಣಗಳಿವೆ: ದಾರುಣ ಮತ್ತು ಅನುಚಿತ. ದಾರುಣವೆಂದರೆ ಉಗ್ರವಾದುದು. ಅನುಚಿತವೆಂಬುದಕ್ಕೆ ಕನ್ನಡದಲ್ಲಿ ರೂಢವಾದ ‘ಯೋಗ್ಯವಲ್ಲದ್ದು’ ಎಂಬರ್ಥವನ್ನು ಹೇಳಿದರೆ ವಾಕ್ಯವು ನಿಸ್ಸಾರವಾಗುತ್ತದೆ. ಅಯೋಗ್ಯವಾದುದನ್ನು ಬಿಡಬೇಕೆಂದು ಹೇಳಲು ಶಾಸ್ತ್ರವೇ ಬೇಕಾಗಿಲ್ಲ. ವೈದ್ಯಪರಿಭಾಷೆಯಲ್ಲಿ ಉಚಿತವೆಂದರೆ ಅಭ್ಯಾಸದಿಂದ ದೇಹಕ್ಕೆ ಒಗ್ಗಿದುದು; ಒಗ್ಗಿದ ಅಹಿತವನ್ನು ಮೆಲ್ಲಮೆಲ್ಲನೆ ಬಿಡಬೇಕೆಂದು ಹೇಳುವ ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿ ಇದೇ ಅರ್ಥವು ಸ್ಪಷ್ಟವಾಗಿದೆ. ಹೀಗಿರಲು ಅನುಚಿತವ್ಯಾಯಾಮವೆಂದರೆ ರೂಢಿಯಿಲ್ಲದ ಶ್ರಮವೆಂದೇ ಅರ್ಥ. ವಿಶೇಷಣಸಹಿತವಾದ ನಿಷೇಧವು ವಿಶೇಷಣದಲ್ಲಿಯೇ ಪರ್ಯವಸಾನವಾಗುವುದೆಂಬ ನ್ಯಾಯವು ಪಂಡಿತರಿಗೆ ವಿದಿತವೇ ಇದೆ. ಉಗ್ರತೆಯೂ ಅನಭ್ಯಾಸವೂ ನಿಷಿದ್ಧವಾದುವೇ ಹೊರತು ಚೇಷ್ಟೆಯೇ ನಿಷಿದ್ಧವಾಗಲಿಲ್ಲ.

ಹಾಗಾದರೆ ಸುಶ್ರುತವಾಕ್ಯಕ್ಕೆ ಗತಿಯೇನು? ಅದಕ್ಕೆ ಆ ಸಂಹಿತೆಯ ಲಕ್ಷಣವಾಕ್ಯವೇ ಉತ್ತರವಾಗಿದೆ. ಚರಕರ ಮತದಲ್ಲಿ ದೇಹಕ್ಕೆ ಸ್ಥೈರ್ಯವನ್ನೂ ಬಲವನ್ನೂ ಕೊಡುವ ಇಷ್ಟವಾದ ಚೇಷ್ಟೆಯು ವ್ಯಾಯಾಮವು. ಅದನ್ನು ಮಾತ್ರೆಯರಿತು ಆಚರಿಸಬೇಕು. ಸುಶ್ರುತರ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯದಲ್ಲಾದರೋ ಶರೀರಕ್ಕೆ ಆಯಾಸವನ್ನು ಹುಟ್ಟಿಸುವ ಕರ್ಮಕ್ಕೇ ವ್ಯಾಯಾಮವೆಂಬ ಸಂಜ್ಞೆ. ಮೊದಲನೆಯವರ ಲಕ್ಷಣವು ವಿಶಾಲವಾದುದರಿಂದ ನಿಷೇಧಕಾಲದಲ್ಲಿ ವಿಶೇಷಣಗಳು ಬೇಕಾದುವು. ಎರಡನೆಯವರಲ್ಲಿ ಆಯಾಸವು ಲಕ್ಷಣದೊಳಗೇ ಸೇರಿದ್ದುದರಿಂದ ವಿಶೇಷಣವು ಬೇಕಾಗಲಿಲ್ಲ. ಮಾತು ಬೇರೆಯಾದರೂ ತಾತ್ಪರ್ಯವು ಒಂದೇ. ಅಲ್ಲದೆ ಸುಶ್ರುತರು ಅದೇ ಪಟ್ಟಿಯಲ್ಲಿ ಹಗಲುನಿದ್ರೆಯನ್ನೂ ನಿಷೇಧಿಸಿರುವುದು ನಿಶ್ಚಲತಾವಾದಿಗಳ ಗಮನಕ್ಕೆ ಬಾರದೆ ಹೋದುದು ಆಶ್ಚರ್ಯವು.

ಆಯಾಸದ ಎಲ್ಲೆಯನ್ನು ಅರಿಯುವುದು ಹೇಗೆ? ಎಲ್ಲರಿಗೂ ಬಲದ ಅರ್ಧಭಾಗದಷ್ಟೇ ವ್ಯಾಯಾಮವೆಂದು ಸುಶ್ರುತರು ನಿಯಮಿಸಿ, ಹೃದಯದೆಡೆಯ ವಾಯುವು ಬಾಯಿಗೆ ಬರುವುದು ಬಲಾರ್ಧದ ಗುರುತೆಂದು ಹೇಳಿದ್ದಾರೆ. ಬಾಯಿಯಿಂದ ಉಸಿರುಬಿಡಬೇಕಾಗಿ ಬಂದಲ್ಲಿ ನಿಲ್ಲಿಸಬೇಕೆಂದು ತಾತ್ಪರ್ಯ. ಇಂದಿನ ವೈದ್ಯರು ಗರ್ಭಿಣಿಯರಿಗೆ ಹೇಳುವ ಪರೀಕ್ಷೆಯೂ ಉಸಿರಿನದೇ: ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಮಾತು ತುಂಡಾಗುವಷ್ಟು ಏದುಸಿರು ಬಂದರೆ ಶ್ರಮವು ಮಿತಿಮೀರಿತೆಂದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಬಾಧಕವಿಲ್ಲದ ಗರ್ಭಿಣಿಯರೂ ಹೆತ್ತವರೂ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮಪ್ರಮಾಣದ ಚಟುವಟಿಕೆಯನ್ನು ಮಾಡುವುದು ಹಿತವೆಂದಿದೆ. ರೂಢಿಯಿಲ್ಲದವರು ಸ್ವಲ್ಪದಿಂದ ಆರಂಭಿಸಿ ಕ್ರಮವಾಗಿ ಹೆಚ್ಚಿಸಬೇಕು. ಬಹಳ ಸೆಕೆಯಲ್ಲಿ ಶ್ರಮಿಸಬಾರದು. ಮೊದಲ ಮೂರು ತಿಂಗಳಾದ ಮೇಲೆ ಅಂಗಾತನೆ ಮಲಗಿ ವ್ಯಾಯಾಮಮಾಡಬಾರದು. ನೀರನ್ನು ಸಾಕಷ್ಟು ಕುಡಿಯಬೇಕು. ನೇಜಿ ನೆಟ್ಟು ಬೆಳೆದವಳಿಗೂ ದಿನವಿಡೀ ಬೀಡಿ ಕಟ್ಟುವವಳಿಗೂ ಪ್ರಾರಂಭದ ಮಾತ್ರೆಯು ಒಂದೇ ಆಗಲಾರದು. ಅನುಚಿತಶಬ್ದದ ಅರ್ಥವು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಆದರೆ ವಿಶ್ರಾಂತಿಯು ಎಲ್ಲಿಯೂ ವಿಹಿತವಲ್ಲವೆಂದು ಭ್ರಮಿಸಬಾರದು. ಗರ್ಭಿಣಿಗೆ ರಕ್ತಸ್ರಾವವು ಕಂಡರೆ ಮೃದುವಾದ ತಂಪಿನ ಹಾಸಿಗೆಯ ಮೇಲೆ ತಲೆಯನ್ನು ಕೊಂಚ ತಗ್ಗಿಸಿ ಮಲಗಿಸಬೇಕೆಂದು ಚರಕರೇ ವಿಧಿಸಿದ್ದಾರೆ. ಅದು ರೋಗಾವಸ್ಥೆಯ ವಿಧಿಯು; ಅದನ್ನು ಸ್ವಸ್ಥಾವಸ್ಥೆಗೆ ಎಳೆಯುವುದು ಅತಿದೇಶದೋಷವು. ರಕ್ತಸ್ರಾವ, ನೀರು ಒಡೆಯುವುದು, ಎದೆನೋವು, ತೀವ್ರವಾದ ತಲೆನೋವು, ತಲೆಸುತ್ತು, ಒಂದು ಮೀನಖಂಡದಲ್ಲಿ ನೋವು-ಬಾವು, ಶಿಶುವಿನ ಚಲನೆಯು ಕುಗ್ಗುವುದು, ಇವುಗಳಲ್ಲಿ ಯಾವುದು ಕಂಡರೂ ಕೆಲಸವನ್ನು ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಚೇಷ್ಟೆಯೊಡನೆ ಆಹಾರವನ್ನೂ ಹೇಳಬೇಕು. ಚರಕರ ಹಾನಿಕರಪಟ್ಟಿಯಲ್ಲಿ ದಾರುಣವ್ಯಾಯಾಮದ ಜೊತೆಗೆ ಪ್ರಮಿತಾಶನ, ಎಂದರೆ ಅಳೆದು ಅತ್ಯಲ್ಪವಾಗಿ ಉಣ್ಣುವುದೂ ಸೇರಿದೆ. ಮಾಸಾನುಮಾಸಿಕಪಥ್ಯದಲ್ಲಿ ಮೊದಲ ತಿಂಗಳು ಹಾಲು, ಮೂರನೆಯದರಲ್ಲಿ ಜೇನುತುಪ್ಪದೊಡನೆಯೂ ತುಪ್ಪದೊಡನೆಯೂ ಹಾಲು, ನಾಲ್ಕರಲ್ಲಿ ಬೆಣ್ಣೆ, ಎಂಟರಲ್ಲಿ ಹಾಲಿನ ಗಂಜಿಗೆ ತುಪ್ಪ, ಹೀಗೆ ಪುಷ್ಟಿಯು ಕ್ರಮವಾಗಿ ಏರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಗರ್ಭಿಣಿಗೆ ದಿನಕ್ಕೆ ೩೫೦ ಕಿಲೋಕ್ಯಾಲರಿಗಳನ್ನೂ, ಮೊಲೆಯೂಡುವವಳಿಗೆ ಮೊದಲ ಆರು ತಿಂಗಳು ೬೦೦ ಕಿಲೋಕ್ಯಾಲರಿಗಳನ್ನೂ ಹೆಚ್ಚಾಗಿ ನಿರ್ದೇಶಿಸಿದೆ. ಬಾಣಂತಿಗೆ ಗರ್ಭಿಣಿಗಿಂತಲೂ ಹೆಚ್ಚು ಅನ್ನ ಬೇಕೆಂಬುದು ಗಮನಾರ್ಹವು. ಕಬ್ಬಿಣಾಂಶದ ಗುಳಿಗೆಗಳನ್ನು ಹೆರಿಗೆಗೆ ಮೊದಲು ೧೮೦ ದಿನಗಳೂ, ಅನಂತರ ೧೮೦ ದಿನಗಳೂ ಕೊಡುವ ಸರಕಾರದ ಕ್ರಮಕ್ಕೂ ಇದೇ ಅಭಿಪ್ರಾಯವು. ರಕ್ತಹೀನೆಗೆ ವ್ಯಾಯಾಮೋಪದೇಶವನ್ನು ಮಾತ್ರ ಮಾಡಿದರೆ ಅದು ಉಪಹಾಸವಾದೀತು.

ಸಾಹಿತ್ಯಾಧ್ಯಾಪಕರಿಗೆ ಇಲ್ಲಿ ದೌಹೃದದ ನೆನಪು ಬಾರದಿರದು. ತಾಯಿಯ ಹೃದಯವೊಂದು, ಶಿಶುವಿನದೊಂದು, ಹೀಗೆ ಅವಳು ದ್ವಿಹೃದಯೆಯಾಗುವಳೆಂದು ವೈದ್ಯರು ವಿವರಿಸುವರು; ಚರಕರು ಇದನ್ನು ಮೂರನೆಯ ತಿಂಗಳಲ್ಲಿಯೂ ಸುಶ್ರುತರು ನಾಲ್ಕನೆಯದರಲ್ಲಿಯೂ ಹೇಳಿದ್ದಾರೆ. ನಮ್ಮ ‘ಬಯಕೆ’ ಎಂಬ ಮಾತು ಈ ಇಚ್ಛೆಗೂ, ಅದನ್ನು ಪೂರೈಸುವ ಮಂಗಳಕಾರ್ಯಕ್ಕೂ ಹೆಸರಾಗಿ ನಿಂತಿದೆ. ಲಕ್ಷ್ಮೀಶನ ಜೈಮಿನಿಭಾರತದಲ್ಲಿ ಸೀತೆಯ ಬಯಕೆಯೇ ಅವಳನ್ನು ಕಾಡಿಗೆ ಕಳುಹಿಸಲು ನೆಪವಾಯಿತು. ತುಳುವಿನ ಸಿರಿಪಾಡ್ದನದಲ್ಲಿ ಬಯಕೆಗಾಗಿ ತಂದ ಸೀರೆಯನ್ನು ಗಂಡನಾದ ಕಾಂತುಪೂಂಜನ ಸೂಳೆ ಸಿದ್ದುವು ಮೊದಲು ಉಟ್ಟಳೆಂದು ತಿಳಿದು ಸಿರಿಯು ಅದನ್ನು ತಿರಸ್ಕರಿಸುತ್ತಾಳೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ೧೯೯೦ರಲ್ಲಿ ಧ್ವನಿಮುದ್ರಿಸಿ, ೧೫,೬೮೩ ಪಂಕ್ತಿಗಳ ಪಾಠವನ್ನು ೧೯೯೮ರಲ್ಲಿ ಪ್ರಕಟಿಸಿದರು. ಎರಡು ಕಥೆಗಳಲ್ಲಿಯೂ ಗರ್ಭಿಣಿಯ ಮನಸ್ಸಿಗೆ ಬಿದ್ದ ಪೆಟ್ಟೇ ಕಥಾಬೀಜವು. ಶೋಕಭಯಗಳನ್ನು ವ್ಯಾಯಾಮದ ಸಾಲಿನಲ್ಲಿಯೇ ಎಣಿಸಿದ ಸುಶ್ರುತರ ದೃಷ್ಟಿಯು ಕವಿದೃಷ್ಟಿಗೆ ದೂರವಲ್ಲ. ಹೆತ್ತವಳಲ್ಲಿ ಖಿನ್ನತೆಯುಂಟೇ ಎಂದು ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೨ರ ಸೂಚನೆಯೂ ಹೇಳುತ್ತದೆ.

ಇನ್ನು ಒನಕೆಯ ವಿಷಯ. ಪ್ರಸವವೇದನೆಯು ತೊಡಗಿದವಳು ಒನಕೆಯನ್ನು ಹಿಡಿದು ಒರಳಿನ ಧಾನ್ಯವನ್ನು ಕುಟ್ಟಲಿ, ನಡುನಡುವೆ ಆಕಳಿಸಲಿ, ಅತ್ತಿತ್ತ ನಡೆಯಲಿ ಎಂದು ಕೆಲವರು ಉಪದೇಶಿಸುವರೆಂದು ಜಾತಿಸೂತ್ರೀಯಾಧ್ಯಾಯದಲ್ಲಿಯೇ ಅನುವಾದಮಾಡಲ್ಪಟ್ಟಿದೆ. ನಮ್ಮ ವೃದ್ಧೆಯರ ಮಾತಿಗೆ ಎಷ್ಟು ಸಮೀಪವಾದ ಪಕ್ಷವಿದು! ಭಗವಾನ್ ಆತ್ರೇಯರು ಇದನ್ನು ಖಂಡಿಸುತ್ತಾರೆ. ದಾರುಣವ್ಯಾಯಾಮವು ಗರ್ಭಿಣಿಗೆ ಸದಾ ವರ್ಜ್ಯ. ಸುಕುಮಾರಳಾದ ಆಕೆಯ ಧಾತುಗಳು ಚಲಿಸಿರುವ ಪ್ರಸವಕಾಲದಲ್ಲಂತೂ ಒನಕೆಯ ಶ್ರಮದಿಂದ ಕೆರಳಿದ ವಾಯುವು ಪ್ರಾಣವನ್ನೇ ತೆಗೆಯಬಹುದು. ಆದರೆ ಅವರು ಪೂರ್ವಪಕ್ಷವನ್ನು ಸಮೂಲವಾಗಿ ತಳ್ಳಲಿಲ್ಲ: ಒನಕೆಯನ್ನು ಬಿಟ್ಟು ಆಕಳಿಕೆಯನ್ನೂ ನಡಿಗೆಯನ್ನೂ ಉಳಿಸಿಕೊಂಡರು. ನಡೆಯುವುದು ವಿಹಿತ, ಕುಟ್ಟುವುದು ನಿಷಿದ್ಧ. ಈ ಒಂದೇ ನಿರ್ಣಯದಿಂದ ನಾವು ಆರಂಭದಲ್ಲಿ ಹೇಳಿದ ಎರಡು ಲೋಕವಾದಗಳೂ ಏಕಕಾಲದಲ್ಲಿ ನಿರಸ್ತವಾಗುತ್ತವೆ. ಬಾಧಕವಿಲ್ಲದವಳು ಹೆರಿಗೆಯ ಮೊದಲ ಘಟ್ಟದಲ್ಲಿ ಅಡ್ಡಾಡಲು, ನೆಟ್ಟಗಿರಲು ಪ್ರೋತ್ಸಾಹಿಸಬೇಕೆಂದು ೨೦೧೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿರುವುದು ಇದಕ್ಕೆ ಅನುಗುಣವಾಗಿದೆ.

ಹೆತ್ತ ಮೇಲಿನ ಚರ್ಯೆಯಲ್ಲಿ ನಮ್ಮ ಮನೆಗಳ ಆಚಾರಕ್ಕೂ ಗ್ರಂಥಕ್ಕೂ ನಿಕಟಸಂಬಂಧವಿದೆ. ಪಿಪ್ಪಲಿ, ಶುಂಠಿ ಮುಂತಾದವುಗಳ ಚೂರ್ಣದೊಡನೆ ಸ್ನೇಹಪಾನ, ಅಭ್ಯಂಗ, ದೊಡ್ಡ ಬಟ್ಟೆಯಿಂದ ಹೊಟ್ಟೆ ಕಟ್ಟುವುದು, ಎರಡು ಹೊತ್ತೂ ಬಿಸಿನೀರೆರೆಯುವುದು, ಗಂಜಿ, ಇವೆಲ್ಲವೂ ಚರಕೋಕ್ತವು. ಹಂಡೆಯ ನೀರು, ಎಣ್ಣೆ, ಬೆಳ್ಳುಳ್ಳಿ-ಕಾಳುಮೆಣಸಿನ ಬಾಣಂತಿಮದ್ದು, ಮೆಂತೆಯ ಗಂಜಿ, ಇವು ಅದರ ದೇಶೀಯರೂಪಗಳು. ಐದು ಅಥವಾ ಏಳು ರಾತ್ರಿಗಳಾದ ಮೇಲೆ ಕ್ರಮವಾಗಿ ಪುಷ್ಟಿಗೊಳಿಸಬೇಕೆಂದು ಚರಕರು ಹೇಳಿದರೆ, ಒಂದೂವರೆ ತಿಂಗಳಿಗೆ ಆಹಾರಾದಿ ನಿರ್ಬಂಧಗಳು ಮುಗಿಯುವುವೆಂದು ವಾಗ್ಭಟರು ಹೇಳಿದ್ದಾರೆ. ಇಂದಿನ ವೈದ್ಯರ ಆರು ವಾರಗಳಿಗೂ ಇದಕ್ಕೂ ಅಂತರವು ಮೂರು ದಿನಗಳು ಮಾತ್ರ.

ಇಲ್ಲಿ ಎರಡು ದೋಷಗಳನ್ನು ಬಿಡಬೇಕಾಗಿದೆ. ಬಾಣಂತಿಗೆ ನೀರನ್ನು ತಡೆಯುವುದು ಒಂದು. ಮೊಲೆಹಾಲೂಡುವವಳಿಗೆ ಇದು ಬಾಯಾರಿಕೆಯ ದಂಡನೆಯೇ ಸರಿ. ದಿನಗಟ್ಟಲೆ ಮಲಗಿಸಿಯೇ ಇಡುವುದು ಮತ್ತೊಂದು. ಹೆತ್ತ ಹೊಸತರಲ್ಲಿ ರಕ್ತವು ಹೆಪ್ಪುಗಟ್ಟುವ ಸ್ವಭಾವವು ಅಧಿಕವಾಗಿದ್ದು, ಅಲುಗದೆ ಮಲಗಿದವಳ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಂಟಾಗುವ ಅಪಾಯವಿದೆ. ಆದುದರಿಂದಲೇ ಶಸ್ತ್ರಕ್ರಿಯೆಯಿಂದ ಹೆತ್ತವರನ್ನೂ ಆಸ್ಪತ್ರೆಯಲ್ಲಿ ಬೇಗನೆ ಎಬ್ಬಿಸಿ ನಡೆಸುತ್ತಾರೆ. ಹೊಟ್ಟೆಯ ಕಟ್ಟು ಆಸರೆಯೇ ಹೊರತು ಸ್ನಾಯುಬಲಕ್ಕೆ ಪ್ರತಿನಿಧಿಯಲ್ಲ; ಬಿಗಿಯು ಅತಿಯಾದರೆ ಒತ್ತಡವು ಕೆಳಗಿಳಿಯುತ್ತದೆ. ಮೂತ್ರವನ್ನು ತಡೆಯುವಾಗ ಬಿಗಿಯುವ ಶ್ರೋಣಿತಲದ ಸ್ನಾಯುಗಳನ್ನು ದಿನಂಪ್ರತಿ ಬಿಗಿಹಿಡಿದು ಸಡಿಲಿಸುವ ಅಭ್ಯಾಸವು ಮೂತ್ರಸೋರಿಕೆಯನ್ನು ತಗ್ಗಿಸುತ್ತದೆ. ಹಾಸಿಗೆಯಲ್ಲಿದ್ದೇ ಮಾಡಬಹುದಾದ ಈ ಅಭ್ಯಾಸದ ಬಳಿಕ ಮನೆಯೊಳಗಿನ ನಡಿಗೆ, ಅಂಗಳದ ನಡಿಗೆ, ಆಮೇಲೆ ವೈದ್ಯರ ಅನುಮತಿಯಿಂದ ಹೊರೆಯ ಕೆಲಸ, ಇದು ಕ್ರಮವು. ಬಡವರ ಮನೆಗಳಲ್ಲಿ ಈ ಕ್ರಮವು ತಿರುವುಮುರುವಾಗಿ, ಹೊರೆಯೇ ಮೊದಲು ಬರುವುದುಂಟು. ದಾರುಣಶಬ್ದವು ಅಂತಹವಳ ಪಕ್ಷದಲ್ಲಿ ನಿಂತು ನುಡಿಯುತ್ತದೆ.

ಮಕ್ಕಳು ಬೆಳೆದ ಮೇಲೂ ತಾಯ್ತನವು ಮುಗಿಯುವುದಿಲ್ಲ. ದೇಹದ ಅವಸ್ಥೆಯು ಮಾತ್ರ ಬದಲಾಗುತ್ತದೆ. ಐವತ್ತನೆಯ ವರ್ಷದ ವೇಳೆಗೆ ರಜೋನಿವೃತ್ತಿಯೆಂದು ಸುಶ್ರುತರು ಹೇಳಿರುವುದು ಇಂದಿಗೂ ಹೆಚ್ಚುಕಡಿಮೆ ಸರಿಯಾಗಿದೆ. ಆ ಬಳಿಕ ಎಲುಬು ಸವೆಯುವ ವೇಗವು ಹೆಚ್ಚುವುದರಿಂದ ನಡಿಗೆಯೊಡನೆ ವಾರಕ್ಕೆ ಎರಡು ದಿನಗಳಾದರೂ ಸ್ನಾಯುಬಲವರ್ಧಕವಾದ ಚೇಷ್ಟೆಯು ಆವಶ್ಯಕ. ಚರಕರ ಲಕ್ಷಣದಲ್ಲಿರುವ ಸ್ಥೈರ್ಯ-ಬಲಗಳೆಂಬ ಎರಡು ಪ್ರಯೋಜನಗಳೂ ಆ ವಯಸ್ಸಿಗೆ ವಿಶೇಷವಾಗಿ ಅನ್ವಯಿಸುತ್ತವೆ.

ಇಷ್ಟರಿಂದ ಸಿದ್ಧವಾದ ಅರ್ಥವಿದು. ಗ್ರಂಥಗಳು ನಿಷೇಧಿಸಿದುದು ಉಗ್ರವೂ ರೂಢಿಯಿಲ್ಲದುದೂ ಆದ ಶ್ರಮವನ್ನು. ವಿಧಿಸಿದುದು ಅವಸ್ಥೆಗೆ ತಕ್ಕ, ಬಲಾರ್ಧವನ್ನು ಮೀರದ ಚೇಷ್ಟೆಯನ್ನು. ನಿಶ್ಚಲತೆಯು ವ್ಯಾಧಿತೆಗೆ ಮಾತ್ರ. ಪಾಠಶಾಲೆಗಳಲ್ಲಿ ಅನುಚಿತಶಬ್ದದ ಅರ್ಥವನ್ನು ಹೇಳುವ ಅಧ್ಯಾಪಕರು ಅದರ ವೈದ್ಯಪರಿಭಾಷೆಯನ್ನೂ ವಿದ್ಯಾರ್ಥಿನಿಯರಿಗೆ ತಿಳಿಸಬೇಕೆಂದು ನಮ್ಮ ವಿಜ್ಞಾಪನೆ. ಆ ಅರ್ಥವನ್ನು ಬಲ್ಲವಳನ್ನು ಶಾಸ್ತ್ರದ ಹೆಸರಿನಿಂದ ಹಾಸಿಗೆಗೂ ಒರಳಿಗೂ ಕಟ್ಟುವುದು ಸುಲಭವಾಗಲಾರದು.