ಎಲ್ಲ ಬೆರಳೂ ಎತ್ತಬೇಕೆ?

ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ಶೀರ್ಷಿಕೆ ಸಂಗೀತದಲ್ಲಿ ಗಿಟಾರಿನ ದನಿ ಇದೆ. ಅದನ್ನು ಕೇಳಿ ಅಲ್ಲಿನ ಹುಡುಗನೊಬ್ಬ ಗಿಟಾರ್ ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಬೇಸರವೆಂದರೆ, ಸಾಲ ಮಾಡಿ ಕೊಡಿಸಿದ ವಾದ್ಯ ಎರಡೇ ತಿಂಗಳಲ್ಲಿ ಬೀರುವಿನ ಮೇಲೇರುವುದು.

ತೊಡಕು ಬಹುಮಟ್ಟಿಗೆ ಒಂದೇ. ಹಲವು ಸ್ವರಗಳನ್ನು ಒಟ್ಟಿಗೆ ಮೀಟುವ ‘ಕಾರ್ಡ್’ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಾಡು ನಿಂತುಬಿಡುತ್ತದೆ. ಮಕ್ಕಳು ಎಲ್ಲ ಬೆರಳುಗಳನ್ನೂ ಎತ್ತಿ ಮತ್ತೆ ಜಾಗ ಹುಡುಕುತ್ತಾರೆ. ಎತ್ತಬೇಕಿಲ್ಲ! ‘ಎ ಮೈನರ್’ನಿಂದ ‘ಸಿ ಮೇಜರ್’ಗೆ ಹೋಗಲು ತೋರುಬೆರಳು, ನಡುಬೆರಳು ಇದ್ದಲ್ಲೇ ಇರಲಿ. ಉಂಗುರಬೆರಳು ಮಾತ್ರ ಮೂರನೆಯ ತಂತಿಯ ಎರಡನೆಯ ಮನೆಯಿಂದ ಐದನೆಯ ತಂತಿಯ ಮೂರನೆಯ ಮನೆಗೆ ಹಾರಿದರೆ ಸಾಕು (ತಂತಿಗಳನ್ನು ತೆಳುವಿನಿಂದ ಎಣಿಸಿ). ಗಡಿಯಾರ ಎದುರಿಟ್ಟು, ನಿಮಿಷಕ್ಕೆ ಎಷ್ಟು ಬಾರಿ ಸ್ಪಷ್ಟವಾಗಿ ಬದಲಾಯಿತೆಂದು ಬರೆದಿಡಿ.

ವೀಣೆಯ ಮೆಟ್ಟಿಲುಗಳಂತೆ ಇಲ್ಲಿಯೂ ಮನೆಯಿಂದ ಮನೆಗೆ ಅರ್ಧಸ್ವರ ಏರುತ್ತದೆ. ದಪ್ಪ ತಂತಿಯ ಐದನೆಯ ಮನೆಯ ಸ್ವರವೇ ಪಕ್ಕದ ಖಾಲಿ ತಂತಿಯದು; ಹನ್ನೆರಡನೆಯ ಮನೆಯಲ್ಲಿ ಅದೇ ತಂತಿಯ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ.

ಇನ್ನು ಅಪ್ಪ ಅಮ್ಮಂದಿರಿಗೆ: “ಒಂದು ಹಾಡು ನುಡಿಸು” ಎಂದು ನೆಂಟರೆದುರು ಕೂರಿಸಬೇಡಿ. ದಿನಕ್ಕೆ ಹತ್ತು ನಿಮಿಷ ಆ ತಡವರಿಕೆಯ ಸದ್ದನ್ನು ಸಹಿಸಿಕೊಳ್ಳಿ, ಪರೀಕ್ಷೆಯ ತಿಂಗಳಲ್ಲೂ.