ಕುಸುಮ ರೋಗಕ್ಕೆ ವೈರಸ್ಸಿನ ನೆರವು

ಅಂಬೆಗಾಲಿಡುವ ಗಂಡುಮಗುವಿನ ಮೊಣಕಾಲಲ್ಲಿ ನೀಲಿ ಗಂಟು ಏಳುವುದು, ಬಿದ್ದು ತುಟಿ ಒಡೆದುಕೊಂಡ ಹುಡುಗನ ರಕ್ತ ಬೆಳಗಾದರೂ ಒಸರುತ್ತಲೇ ಇರುವುದು. ಮಾಯಕೊಂಡದ ಸುತ್ತಿನ ಹಳ್ಳಿಯಾಗಲಿ, ಹರಿಹರದ ಓಣಿಯಾಗಲಿ, ಇಂಥ ಮನೆಯಲ್ಲಿ ಯಾರಾದರೂ ಹಿರಿಯರು ‘ಇವನ ಸೋದರಮಾವಗೂ ಹಿಂಗೇ ಆಗ್ತಿತ್ತು’ ಎಂದರೆ ವೈದ್ಯರು ಕಿವಿ ನಿಮಿರಿಸಬೇಕು. ಅರ್ಧ ರೋಗಪತ್ತೆ ಆ ಮಾತಿನಲ್ಲೇ ಇದೆ. ಕುಸುಮ ರೋಗ ಎಂದು ನಮ್ಮಲ್ಲಿ ಕರೆಯುವ ಹಿಮೋಫಿಲಿಯಾ ತಾಯಿಯ ಎಕ್ಸ್ ಕ್ರೋಮೋಸೋಮಿನ ಮೂಲಕ ಇಳಿದು ಬರುತ್ತದೆ. ತಾಯಿಯಲ್ಲಿ ಸಾಮಾನ್ಯವಾಗಿ ಏನೂ ಕಾಣಿಸದು, ಮಗನಲ್ಲಿ ಕಾಣಿಸಿಕೊಳ್ಳುತ್ತದೆ. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ರಕ್ತ ಹೆಪ್ಪುಗಟ್ಟಿಸುವ ಎಂಟನೇ ಫ್ಯಾಕ್ಟರ್‌ನ ಕೊರತೆ ಇರುತ್ತದೆ. ಒಂಬತ್ತನೇ ಫ್ಯಾಕ್ಟರ್ ಕೊರತೆ ಇನ್ನೂ ಅಪರೂಪ.

ಇಂಥ ಕುಟುಂಬಗಳಿಗೆ ದಾವಣಗೆರೆಯಲ್ಲಿ ಒಂದು ಆಸರೆಯಿದೆ: ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ಕಾಯಿಲೆಯೊಂದಿಗೇ ಬದುಕಿದವರು, ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಪ್ರಾಧ್ಯಾಪಕರಾಗಿದ್ದವರು. ನೋವು ತಿಂದವರೇ ಸೂಕ್ಷ್ಮದರ್ಶಕದ ಮುಂದೆ ಕೂತ ಊರು ಇದು. ನನ್ನ ಮಟ್ಟಿಗೆ ದಾವಣಗೆರೆಯ ದೊಡ್ಡ ಹೆಮ್ಮೆಗಳಲ್ಲಿ ಇದೂ ಒಂದು.

ರೋಗ ಪತ್ತೆಯ ಮೊದಲ ಪರೀಕ್ಷೆ ನೋಡಲು ಸರಳ. ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಕಣಗಳನ್ನು ಕೆಳಗಿಳಿಸಿ, ಮೇಲೆ ನಿಂತ ಹಳದಿ ಪ್ಲಾಸ್ಮಾವನ್ನು 37 ಡಿಗ್ರಿಯಲ್ಲಿ ಬೆಚ್ಚಗಿಡುತ್ತಾರೆ. ಹೆಪ್ಪುಗಟ್ಟುವ ಕ್ರಿಯೆಯನ್ನು ಕೆರಳಿಸುವ ದ್ರಾವಣ ಸೇರಿಸಿ, ಕೊನೆಗೆ ಕ್ಯಾಲ್ಸಿಯಂ ಹಾಕಿದ ಗಳಿಗೆಯಿಂದ ಸೆಕೆಂಡು ಎಣಿಸುತ್ತಾರೆ. ಆರೋಗ್ಯವಂತರಲ್ಲಿ 30 ಸೆಕೆಂಡಿನ ಆಸುಪಾಸಿನಲ್ಲಿ ಪ್ಲಾಸ್ಮಾ ಗಟ್ಟಿಯಾಗುತ್ತದೆ. ತೀವ್ರ ಹಿಮೋಫಿಲಿಯಾ ಇದ್ದರೆ ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಆಮೇಲೆ ಆರೋಗ್ಯವಂತರ ಪ್ಲಾಸ್ಮಾವನ್ನು ಸಮಪಾಲು ಬೆರೆಸಿ ನೋಡುತ್ತಾರೆ. ಸಮಯ ಸರಿಹೋದರೆ ಯಾವುದೋ ಫ್ಯಾಕ್ಟರ್‌ನ ಕೊರತೆ ಎಂದರ್ಥ. ಸರಿಹೋಗದಿದ್ದರೆ ಫ್ಯಾಕ್ಟರ್ ಅನ್ನೇ ಹೊಡೆದುರುಳಿಸುವ ಪ್ರತಿಕಾಯ ಇರಬಹುದೆಂಬ ಅನುಮಾನ ಹುಟ್ಟುತ್ತದೆ.

ಕೊರತೆಯಿರುವ ಫ್ಯಾಕ್ಟರ್ ಅನ್ನು ಸೂಜಿಯಿಂದ ರಕ್ತನಾಳಕ್ಕೆ ಕೊಡುವುದು ಈಗಿನ ಮುಖ್ಯ ಚಿಕಿತ್ಸೆ. ಆದರೆ ಎಂಟನೇ ಫ್ಯಾಕ್ಟರ್ ಸುಮಾರು 12 ಗಂಟೆಗಳಲ್ಲೇ ಅರ್ಧಕ್ಕಿಳಿಯುತ್ತದೆ. ಹೊರಗಿನಿಂದ ಮತ್ತೆ ಮತ್ತೆ ತುಂಬುವ ಬದಲು, ಅದನ್ನು ತಯಾರಿಸುವ ಜೀನನ್ನೇ ದೇಹದೊಳಗೆ ಕೂರಿಸಿದರೆ ಹೇಗೆ? ಈ ಪ್ರಶ್ನೆಯೇ ವಿಜ್ಞಾನಿಗಳನ್ನು ವೈರಸ್ಸಿನ ಬಳಿಗೆ ಕರೆದೊಯ್ದದ್ದು. ಜೀವಕೋಶದ ಬಾಗಿಲು ತೆಗೆಯುವುದರಲ್ಲಿ ವೈರಸ್ಸಿನಷ್ಟು ಪಳಗಿದವರು ಯಾರೂ ಇಲ್ಲ. ಅದರ ಸ್ವಂತ ಸರಕನ್ನು ಇಳಿಸಿ ನಮಗೆ ಬೇಕಾದ ಸರಕು ಹೇರಿದರೆ ಲಾರಿಯಂತೆ ಹೊತ್ತು ಮುಟ್ಟಿಸುತ್ತದೆ. ಹೆಚ್ಚು ಬಳಕೆಯಾಗಿರುವ ಎಎವಿ ಎಂಬ ಪುಟ್ಟ ವೈರಸ್ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1965ರಲ್ಲಿ, ಜೆಜೆಎಂ ಕಾಲೇಜು ಶುರುವಾದ ವರ್ಷವೇ. ಅದು ಮನುಷ್ಯನಿಗೆ ಕಾಯಿಲೆ ತರುವುದಿಲ್ಲ. ಆದರೆ ಸುಮಾರು 4,700 ಅಕ್ಷರಗಳಿಗಿಂತ ಉದ್ದದ ಜೀನ್ ಅದರಲ್ಲಿ ಹಿಡಿಯದು, ಎಂಟನೇ ಫ್ಯಾಕ್ಟರ್‌ನ ಸಂಕೇತವೇ 7,000 ಅಕ್ಷರಗಳಷ್ಟಿದೆ. ಅದರಲ್ಲಿ ತೀರಾ ಅಗತ್ಯವಿಲ್ಲದ ನಡುಭಾಗವನ್ನು ಕತ್ತರಿಸಿ ತುಂಬಬೇಕಾಯಿತು.

ಇದಕ್ಕಿಂತ ದೊಡ್ಡ ತೊಡಕು ನಮ್ಮದೇ ರೋಗನಿರೋಧಕ ಶಕ್ತಿ. ನಮ್ಮಲ್ಲಿ ಬಹಳ ಜನರಿಗೆ ಚಿಕ್ಕಂದಿನಲ್ಲೇ ಎಎವಿ ಸದ್ದಿಲ್ಲದೆ ತಗುಲಿ ಹೋಗಿರುತ್ತದೆ. ದೇಹ ಅದನ್ನು ಮರೆತಿರುವುದಿಲ್ಲ. ಔಷಧವಾಗಿ ಬಂದರೂ ಪ್ರತಿಕಾಯಗಳು ಅದನ್ನು ದಾರಿಯಲ್ಲೇ ತಡೆಯುತ್ತವೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ರೋಗಿಯ ಒಂಬತ್ತನೇ ಫ್ಯಾಕ್ಟರ್ ಚೆನ್ನಾಗಿ ಏರಿ, ಕೆಲವೇ ವಾರಗಳಲ್ಲಿ ಮತ್ತೆ ಕುಸಿಯಿತು. ವೈರಸ್ ಹೊಕ್ಕ ಯಕೃತ್ತಿನ ಕೋಶಗಳನ್ನು ಟಿ ಕೋಶಗಳು ಗುರುತಿಸಿ ಕೊಂದಿದ್ದವು. ವೈರಸ್ಸಿನಿಂದ ನಮ್ಮನ್ನು ಕಾಯುವ ಶಕ್ತಿಯೇ ಚಿಕಿತ್ಸೆಗೆ ಅಡ್ಡ ನಿಂತಿತ್ತು. ಇಷ್ಟೆಲ್ಲ ದಾಟಿ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂಬತ್ತನೇ ಫ್ಯಾಕ್ಟರ್ ಜೀನ್ ಚಿಕಿತ್ಸೆಯ ಬೆಲೆ 35 ಲಕ್ಷ ಡಾಲರ್. ಮೆಕ್ಕೆಜೋಳ ಬೆಳೆದು ಬದುಕುವ ಮನೆಗೆ ಅದು ಇದ್ದೂ ಇಲ್ಲದಂತೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬೇರೆ ದಾರಿ ಹಿಡಿಯಿತು. ಅಲ್ಲಿನ ಕಾಂಡಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕ. ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಲೆಂಟಿವೈರಸ್ ಬಳಸಿತು. ಎಚ್‌ಐವಿ ಸೇರಿರುವ ಕುಟುಂಬವೇ ಅದು. 1980ರ ದಶಕದಲ್ಲಿ ದಾನಿಗಳ ಪ್ಲಾಸ್ಮಾದಿಂದ ಮಾಡಿದ ಫ್ಯಾಕ್ಟರ್ ಮೂಲಕ ಜಗತ್ತಿನ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಎಚ್‌ಐವಿ ತಗುಲಿ ಮನೆಮನೆಯೇ ಬರಿದಾಗಿತ್ತು. ಅದೇ ಬಳಗದ ವೈರಸ್ಸಿನ ಹಲ್ಲು ಕಿತ್ತು ಇದೇ ರೋಗಿಗಳ ಸೇವೆಗೆ ಹಚ್ಚಿರುವುದನ್ನು ಓದುವಾಗ ಮನಸ್ಸು ತುಂಬಿ ಬರುತ್ತದೆ.

ರೋಗಿಯ ರಕ್ತದಿಂದ ಕಾಂಡಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ವೈರಸ್ ಮೂಲಕ ಜೀನ್ ಸೇರಿಸಿ, ಮರಳಿ ದೇಹಕ್ಕೆ ಬಿಡುತ್ತಾರೆ. ವೈರಸ್ಸು ಕೋಶವನ್ನು ಸಂಧಿಸುವುದು ದೇಹದ ಹೊರಗಾದ್ದರಿಂದ ಹಳೆಯ ಪ್ರತಿಕಾಯಗಳ ಕಾಟವಿಲ್ಲ. 22ರಿಂದ 41 ವರ್ಷದ ಐವರಿಗೆ ಹೀಗೆ ಚಿಕಿತ್ಸೆ ಕೊಟ್ಟ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಐವರ ಅವಧಿಯನ್ನೂ ಕೂಡಿಸಿದರೆ 81 ತಿಂಗಳು ನಿಗಾ ಇಟ್ಟಿದ್ದರು. ಯಾರಿಗೂ ರಕ್ತಸ್ರಾವ ಮರುಕಳಿಸಿರಲಿಲ್ಲ.

ಐವರೆಂದರೆ ಐವರೇ, ಆತುರಪಡುವಂತಿಲ್ಲ. ಹೊಸ ಕೋಶಗಳಿಗೆ ಜಾಗ ಮಾಡಿಕೊಡಲು ಮೊದಲು ಕಿಮೊಥೆರಪಿ ಕೊಡಬೇಕು. ಅದಕ್ಕೆ ಅದರದೇ ಅಪಾಯಗಳಿವೆ, ಮುಂದೆ ಮಕ್ಕಳಾಗುವ ಪ್ರಶ್ನೆಯೂ ಸೇರಿ. ಕೋಶದ ಕ್ರೋಮೋಸೋಮಿನಲ್ಲೇ ನೆಲೆಯೂರುವ ವೈರಸ್ ಆದ್ದರಿಂದ ಇಂಥ ಚಿಕಿತ್ಸೆ ಪಡೆದವರನ್ನು 15 ವರ್ಷದವರೆಗೆ ಗಮನಿಸಬೇಕೆಂಬ ನಿಯಮ ಅಮೆರಿಕದಲ್ಲಿದೆ. ಪ್ರತಿ ಸಲವೂ ವೆಲ್ಲೂರಿಗೆ ಓಡುವುದು ಯಾರಿಂದಾದೀತು? ಮಾಯಕೊಂಡದವನು ಬೆಳಗಿನ ರೈಲು ಹತ್ತಿ ದಾವಣಗೆರೆಯಲ್ಲಿ ಫ್ಯಾಕ್ಟರ್ ಮಟ್ಟ ನೋಡಿಸಿಕೊಂಡು ಅದೇ ದಿನ ಮನೆ ಸೇರುವಂತಿರಬೇಕು. ಈ ಊರಿನ ಲ್ಯಾಬ್‌ಗಳನ್ನು ಆ ಕೆಲಸಕ್ಕೆ ಈಗಿನಿಂದಲೇ ಸಜ್ಜುಗೊಳಿಸಲು ಸರ್ಕಾರ ಹಣ ತೆಗೆದಿಡಬೇಕು.